ಮೊಡವೆಯ ಮದ್ದಿಗೂ ಒಂದು ಚರಿತ್ರೆ

ಎಗ್ಮೋರ್ ಎಂದೊಡನೆ ನಮ್ಮವರಲ್ಲಿ ಬಹುಮಂದಿಗೆ ನೆನಪಾಗುವುದು 1908ರಲ್ಲಿ ತೆರೆದ ಆ ಕೆಂಪು ರೈಲು ನಿಲ್ದಾಣ. ಬೆಂಗಳೂರು, ಮೈಸೂರು ಕಡೆಯಿಂದ ಬರುವವರು ಇಳಿಯುವುದು ಸೆಂಟ್ರಲಿನಲ್ಲಾದರೂ, ರಾಮೇಶ್ವರಕ್ಕೋ ಮಧುರೆಗೋ ಹೋಗಬೇಕಾದರೆ ಎಗ್ಮೋರಿಗೇ ಬರಬೇಕು. ಇನ್ನು ಸ್ವಲ್ಪ ಹಳಬರಿಗೆ ಪೂನಮಲ್ಲಿ ಹೈರೋಡಿನಲ್ಲಿದ್ದ, ಈಗ ಇಲ್ಲದ ದಾಸಪ್ರಕಾಶ್ ಹೋಟೆಲು ನೆನಪಾಗುತ್ತದೆ. ಉಡುಪಿಯ ಕಡೆಯ ಸೀತಾರಾಮರಾಯರು ಕಟ್ಟಿದ ಆ ಹೋಟೆಲಿನಲ್ಲಿ ಎಷ್ಟು ಮದುವೆಯ ಮಾತುಕತೆಗಳಾದವೋ ಲೆಕ್ಕವಿಟ್ಟವರಿಲ್ಲ. ಓದುವ ಚಟವುಳ್ಳವರಿಗೆ ಎಗ್ಮೋರ್ ಎಂದರೆ ವಸ್ತುಸಂಗ್ರಹಾಲಯ, ಅದರ ಮಗ್ಗುಲಲ್ಲಿ 1896ರಲ್ಲಿ ತೆರೆದ ಕನ್ನೆಮರಾ ಪುಸ್ತಕಾಲಯ, ಮತ್ತು ಗಾಂಧಿ-ಇರ್ವಿನ್ ರಸ್ತೆಯ ಸರ್ಕಾರಿ ದಾಖಲೆಗಳ ಭಂಡಾರ. ಇವೆಲ್ಲದರ ನಡುವೆ ಇನ್ನೊಂದು ಎಗ್ಮೋರ್ ಇತ್ತೆಂಬುದು ಈಗಿನವರಿಗೆ ಅಷ್ಟಾಗಿ ತಿಳಿಯದು. ಅದು ಆಯುರ್ವೇದ ಔಷಧಗಳ ಎಗ್ಮೋರ್. ಕಳೆದ ಶತಮಾನದ ಮೊದಲ ದಶಕಗಳಲ್ಲಿ ದಕ್ಷಿಣ ದೇಶದ ಎಷ್ಟೋ ಮನೆಗಳಿಗೆ ಅಂಚೆಯ ಮೂಲಕ ಬರುತ್ತಿದ್ದ ಔಷಧದ ಸೀಸೆಗಳ ಮೇಲೆ ಇದೇ ಊರಿನ ವಿಳಾಸವಿರುತ್ತಿತ್ತು.

ಈ ಲೇಖನಕ್ಕೆ ನಾವು ಆರಿಸಿಕೊಂಡ ವಿಷಯ ಮೊಡವೆ. ಸಂಘದ ಪತ್ರಿಕೆಯಲ್ಲಿ ಕದಂಬರು, ಹೊಯ್ಸಳರು ಎಂದು ಬರೆಯುವುದನ್ನು ಬಿಟ್ಟು ಇದೇನು ಎಂದು ಹಿರಿಯರು ಹುಬ್ಬೇರಿಸಬಹುದು. ಆದರೆ ಮನೆಯಲ್ಲಿ ಹದಿನಾಲ್ಕರಿಂದ ಇಪ್ಪತ್ತರ ಒಳಗಿನ ಮಕ್ಕಳಿರುವವರಿಗೆ ಇದು ಎಷ್ಟು ದೊಡ್ಡ ಸಂಗತಿ ಎಂದು ನಾವು ಹೇಳಬೇಕಾಗಿಲ್ಲ. ಮದರಾಸಿನ ಬೆವರು, ಉಪ್ಪು ನೀರು, ಬಸ್ಸಿನ ಧೂಳು ಸೇರಿ, ಊರಿನಲ್ಲಿದ್ದಾಗ ಎರಡು ಮೊಡವೆ ಇದ್ದ ಮುಖದಲ್ಲಿ ಇಲ್ಲಿಗೆ ಬಂದ ಮೇಲೆ ಇಪ್ಪತ್ತಾದವು ಎಂದು ದೂರುವ ತಾಯಂದಿರನ್ನು ನಾವು ಪ್ರತಿ ಯುಗಾದಿ ಸಮಾರಂಭದಲ್ಲೂ ಕಾಣುತ್ತೇವೆ. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಕಡತಗಳ ನಡುವೆ ದಿನ ಕಳೆಯುವ ನಮಗೆ ವೈದ್ಯದ ಅಧಿಕಾರವಿಲ್ಲ. ಓದಿದ್ದು ಬಿ.ಎಸ್‌ಸಿ., ಅದೂ ರಸಾಯನಶಾಸ್ತ್ರ. ಹಾಗಾಗಿ ಮದ್ದು ಹೇಳುವುದಕ್ಕಿಂತ ಮದ್ದಿನ ಹಿಂದಿನ ಕಥೆಯನ್ನು ಹೇಳುವುದೇ ನಮಗೆ ಒಪ್ಪುವ ಕೆಲಸ.

ಮೊದಲು ಶಾಸ್ತ್ರ ಏನು ಹೇಳುತ್ತದೆ ನೋಡೋಣ. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ‘ಕ್ಷುದ್ರರೋಗ’ಗಳೆಂಬ ಒಂದು ಅಧ್ಯಾಯವಿದೆ. ಕಾಲಿನ ಒಡಕು, ತಲೆಯ ಹೊಟ್ಟು, ನರೆಗೂದಲು, ಬಂಗು ಮುಂತಾದ ಸಣ್ಣಪುಟ್ಟ ತೊಂದರೆಗಳ ಪಟ್ಟಿ ಅದು. ಆ ಪಟ್ಟಿಯಲ್ಲಿ ಯೌವನಸ್ಥರ ಮುಖದಲ್ಲಿ ಬೂರುಗದ ಮರದ ಮುಳ್ಳಿನಂತೆ ಏಳುವ ಗುಳ್ಳೆಗಳಿಗೂ ಒಂದು ಜಾಗವಿದೆ. ಮುಖವನ್ನು ಕೆಡಿಸುವುದರಿಂದ ‘ಮುಖದೂಷಿಕಾ’ ಎಂದು ಅದರ ಹೆಸರು. ‘ಯೌವನ ಪಿಡಕಾ’ ಎಂದೂ ಹೇಳುವುದುಂಟು. ಬೂರುಗದ ಮರವನ್ನು ಕಂಡವರಿಗೆ ಈ ಹೋಲಿಕೆ ಎಷ್ಟು ಸರಿಯೆಂದು ಗೊತ್ತು. ಅದರ ಮುಳ್ಳು ಬುಡದಲ್ಲಿ ದಪ್ಪ, ತುದಿಯಲ್ಲಿ ಚೂಪು, ಎಳೆಯ ಮರದ ಮೈಮೇಲೆ ಹೆಚ್ಚು.

ಸುಮಾರು ಏಳನೆಯ ಶತಮಾನದ ವಾಗ್ಭಟನು ತನ್ನ ಅಷ್ಟಾಂಗಹೃದಯದಲ್ಲಿ ಇದಕ್ಕೆ ಒಂದು ವಿಶೇಷಣವನ್ನು ಸೇರಿಸಿದ್ದಾನೆ. ಈ ಗುಳ್ಳೆಗಳು ‘ಮೇದೋಗರ್ಭ’, ಅಂದರೆ ಹೊಟ್ಟೆಯಲ್ಲಿ ಕೊಬ್ಬನ್ನು ಇಟ್ಟುಕೊಂಡವು ಎಂದು. ಈ ಒಂದು ಮಾತಿಗೆ ನಾವು ತಲೆದೂಗಿದೆವು. ಇಂದಿನ ಚರ್ಮವೈದ್ಯರು ಹೇಳುವುದೂ ಅದನ್ನೇ. ಪ್ರಾಯ ಬಂದಾಗ ಶರೀರದಲ್ಲಿ ಆಂಡ್ರೋಜನ್ ಎಂಬ ಹಾರ್ಮೋನು ಹೆಚ್ಚಿ, ಚರ್ಮದ ಕೆಳಗಿನ ಎಣ್ಣೆಯ ಗ್ರಂಥಿಗಳು ಬೇಕಾದ್ದಕ್ಕಿಂತ ಹೆಚ್ಚು ಜಿಡ್ಡನ್ನು ಸುರಿಸುತ್ತವೆ. ರೋಮಕೂಪದ ಬಾಯಿ ಸತ್ತ ಚರ್ಮದ ಪುಡಿಯಿಂದ ಕಟ್ಟಿಕೊಳ್ಳುತ್ತದೆ. ಒಳಗೆ ನಿಂತ ಜಿಡ್ಡಿನಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ ವೃದ್ಧಿಯಾಗಿ, ಸುತ್ತ ಕೆಂಪಾಗಿ ಊದಿಕೊಳ್ಳುತ್ತದೆ. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ಗುಳ್ಳೆಯನ್ನು ಹಿಸುಕಿ ನೋಡಿಯೇ ವಾಗ್ಭಟನು ಇದನ್ನು ಕಂಡಿರಬೇಕು.

ಇಲ್ಲಿ ಇನ್ನೊಂದು ಸೋಜಿಗ. ನಮ್ಮ ಮನೆಗಳಲ್ಲಿ ಮೊಡವೆ ಬಂದರೆ ‘ಉಷ್ಣ’ ಎನ್ನುತ್ತಾರೆ, ‘ಪಿತ್ತ’ ಎನ್ನುತ್ತಾರೆ. ಮಾವಿನ ಹಣ್ಣು, ಕಡಲೆಕಾಯಿ ಬೀಜಗಳ ಮೇಲೆ ನಿಷೇಧಾಜ್ಞೆ ಹೊರಡುತ್ತದೆ. ಸುಶ್ರುತನು ಹೇಳುವುದು ಕಫ, ವಾತ ಮತ್ತು ರಕ್ತ. ಪಿತ್ತದ ಹೆಸರು ಅಲ್ಲಿ ಇಲ್ಲ. ಕಫ ಪ್ರಧಾನವಾದ್ದರಿಂದಲೇ ವಮನವನ್ನು, ಅಂದರೆ ವೈದ್ಯನ ಕೈಯಲ್ಲಿ ಕ್ರಮವರಿತು ಮಾಡಿಸುವ ವಾಂತಿಯನ್ನು, ಚಿಕಿತ್ಸೆಯ ಮೊದಲಿಗೆ ಹೇಳಿದ್ದಾನೆ. ವಾಗ್ಭಟನಾದರೋ ಮೊದಲು ಲೇಪ, ಅದರಿಂದ ಶಮನವಾಗದಿದ್ದರೆ ವಮನ, ನಸ್ಯ, ಹಣೆಯಲ್ಲಿ ರಕ್ತ ತೆಗೆಯುವುದು ಎಂಬ ಕ್ರಮವನ್ನಿಟ್ಟಿದ್ದಾನೆ. ಇವನ್ನು ಯಾರೂ ಮನೆಯಲ್ಲಿ ಪ್ರಯೋಗ ಮಾಡಲು ಹೋಗಬಾರದು. ಲೇಪದ ವಿಚಾರ ಮಾತ್ರ ಮನೆಯವರೂ ತಿಳಿಯತಕ್ಕದ್ದು.

ಲೇಪದ ದ್ರವ್ಯಗಳು ಏನು? ಸುಶ್ರುತನಲ್ಲಿ ಎರಡು ಬಗೆ. ಬಜೆ, ಲೋಧ್ರ, ಸೈಂಧವ ಲವಣ, ಸಾಸಿವೆ ಒಂದು. ಕೊತ್ತಂಬರಿ ಬೀಜ, ಬಜೆ, ಲೋಧ್ರ, ಕೋಷ್ಠ ಇನ್ನೊಂದು. ಮುಂದೆ ಶಾರ್ಙ್ಗಧರನ ಕಾಲಕ್ಕೆ ಇದು ಇನ್ನೂ ಸರಳವಾಗಿ, ಲೋಧ್ರ, ಕೊತ್ತಂಬರಿ, ಬಜೆ ಎಂಬ ಮೂರೇ ಮೂರಕ್ಕೆ ಇಳಿಯಿತು. ಕೊತ್ತಂಬರಿ ಸಾರಿನ ಪುಡಿಗೆ ಹಾಕುವುದೇ. ಬಜೆಯನ್ನು ಎಳೆಮಕ್ಕಳಿಗೆ ತೇಯ್ದು ನೆಕ್ಕಿಸಿದ ಅಜ್ಜಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ತಮಿಳರು ಇದನ್ನು ವಸಂಬು ಎನ್ನುತ್ತಾರೆ. ಸಂಜೆಯ ಮೇಲೆ ಆ ಹೆಸರನ್ನೂ ಎತ್ತದೆ ‘ಪಿಳ್ಳೈ ವಳರ್ಪಾನ್’ ಎಂದು ಕೇಳುವವರುಂಟು, ಎಂದರೆ ಮಗುವನ್ನು ಬೆಳೆಸುವಂಥದು. ಹೊಟ್ಟೆಗೆ ಕೊಡುವುದನ್ನು ಈಗಿನ ವಿಜ್ಞಾನ ಒಪ್ಪುವುದಿಲ್ಲವೆಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಬಜೆಯ ಎಣ್ಣೆಯಲ್ಲಿರುವ ಅಸಾರೋನ್ ಎಂಬ ದ್ರವ್ಯದ ಕಾರಣದಿಂದ ಅಮೆರಿಕದಲ್ಲಿ 1968ರಲ್ಲಿಯೇ ಅದನ್ನು ಆಹಾರದಲ್ಲಿ ಸೇರಿಸಕೂಡದೆಂದು ನಿಷೇಧಿಸಿದರು.

ಉಳಿದದ್ದು ಲೋಧ್ರ. ಈ ಲೇಖನದ ನಾಯಕನೇ ಇದು ಎನ್ನಬಹುದು. ಕಾಡಿನಲ್ಲಿ ಬೆಳೆಯುವ ಒಂದು ಚಿಕ್ಕ ಮರದ ತೊಗಟೆ. ಕನ್ನಡದಲ್ಲಿ ಪಾಚೆಟ್ಟು ಎಂಬ ಹೆಸರೂ ಉಂಟು. ಇಲ್ಲಿಯ ನಾಟುಮದ್ದಿನ ಅಂಗಡಿಗಳಲ್ಲಿ ‘ವೆಳ್ಳಿಲೋತ್ತಿರಂ’ ಎಂದು ಕೇಳಿದರೆ ಕೊಡುತ್ತಾರೆ. ರುಚಿ ಒಗರು. ಒಗರು ಎಂದರೆ ಚರ್ಮವನ್ನು ಬಿಗಿಹಿಡಿಯುವ, ಸೋರುವುದನ್ನು ತಡೆಯುವ ಗುಣವೆಂದು ವೈದ್ಯರ ಮತ. ಹಿಂದೆ ಬಟ್ಟೆಗೆ ಕೆಂಪು ಬಣ್ಣ ಹಿಡಿಸುವಾಗ ಬಣ್ಣ ನಿಲ್ಲಲೆಂದು ಮಂಜಿಷ್ಠದೊಂದಿಗೆ ಇದನ್ನೂ ಬಳಸುತ್ತಿದ್ದರು. ಇದರ ಹೂವಿನ ಪರಾಗವನ್ನು ಅಲಕಾನಗರಿಯ ಸ್ತ್ರೀಯರು ಮುಖಕ್ಕೆ ಬಳಿದುಕೊಂಡು ಬಿಳುಪೇರುತ್ತಿದ್ದರೆಂದು ಕಾಳಿದಾಸನು ಮೇಘದೂತದಲ್ಲಿ ವರ್ಣಿಸಿರುವುದು ಸಂಸ್ಕೃತ ಬಲ್ಲವರಿಗೆ ಗೊತ್ತೇ ಇದೆ. ಮುಖಕ್ಕೂ ಲೋಧ್ರಕ್ಕೂ ಇರುವ ನಂಟು ಅಷ್ಟು ಹಳೆಯದು.

ದ್ರವ್ಯಕ್ಕಿಂತಲೂ ನಮಗೆ ಹೆಚ್ಚು ಹಿಡಿಸಿದ್ದು ಲೇಪ ಹಚ್ಚುವ ನಿಯಮಗಳು. ಅಷ್ಟಾಂಗಹೃದಯದ ಸೂತ್ರಸ್ಥಾನದಲ್ಲಿ ಮುಖಲೇಪಕ್ಕೆಂದೇ ಶ್ಲೋಕಗಳಿವೆ. ದಪ್ಪ ಅಂಗುಲದ ಕಾಲು ಭಾಗ, ಮೂರನೆಯ ಒಂದು ಭಾಗ ಅಥವಾ ಅರ್ಧ ಇರಬೇಕಂತೆ. ಆರು ಋತುಗಳಿಗೆ ಆರು ಬಗೆಯ ಲೇಪಗಳು. ನೆಗಡಿ, ಅಜೀರ್ಣ ಇದ್ದಾಗ, ರಾತ್ರಿ ನಿದ್ದೆಗೆಟ್ಟಾಗ ಹಚ್ಚಬಾರದು. ಹಚ್ಚಿಕೊಂಡಿರುವಾಗ ಹಗಲು ನಿದ್ದೆ, ಹೆಚ್ಚು ಮಾತು, ಬೆಂಕಿಯ ಬಳಿ ಕೂರುವುದು, ಬಿಸಿಲು, ಅಳು, ಕೋಪ ಕೂಡದು. ಎಲ್ಲಕ್ಕಿಂತ ಮುಖ್ಯವಾದದ್ದು: ಲೇಪವನ್ನು ಒಣಗಲು ಬಿಡಬಾರದು. ಒಣಗಿದ ಲೇಪ ಮುಖದ ಕಾಂತಿಯನ್ನು ಕೆಡಿಸುತ್ತದೆ. ಒಣಗುವುದಕ್ಕೆ ಮುಂಚೆ ನೀರಿನಿಂದ ನೆನೆಸಿ ತೆಗೆಯಬೇಕು. ಸುಶ್ರುತನು ರಾತ್ರಿ ಲೇಪ ಹಚ್ಚಬಾರದು, ಹಳಸಿದ ಲೇಪವನ್ನು ಮತ್ತೆ ಬಳಸಬಾರದು ಎಂದೂ ಹೇಳಿದ್ದಾನೆ. ಇಂದು ನಮ್ಮ ಹುಡುಗಿಯರು ಮುಲ್ತಾನಿ ಮಿಟ್ಟಿಯನ್ನು ಬಳಿದುಕೊಂಡು ಅದು ಕೆರೆಯಂಗಳದ ಹಾಗೆ ಬಿರುಕು ಬಿಡುವವರೆಗೆ ಕುಳಿತಿರುವುದನ್ನು, ಅನಂತರ ಉಜ್ಜಿ ಉಜ್ಜಿ ಕೀಳುವುದನ್ನು ನೋಡಿದರೆ ವಾಗ್ಭಟನು ಏನೆನ್ನುತ್ತಿದ್ದನೋ! ಚರ್ಮವೈದ್ಯರೂ ಇದನ್ನು ಒಪ್ಪುವುದಿಲ್ಲ. ಜಿಡ್ಡಿನ ಮುಖವನ್ನು ಉಜ್ಜಿದಷ್ಟೂ ಉರಿ ಹೆಚ್ಚುತ್ತದೆ, ಮೊಡವೆ ಕೆರಳುತ್ತದೆ. ದಿನಕ್ಕೆ ಎರಡು ಬಾರಿ ಮೆತ್ತಗೆ ತೊಳೆದರೆ ಸಾಕು.

ಕನ್ನಡ ನಾಡಿನಲ್ಲಿಯೂ ಈ ವಿದ್ಯೆ ಹಿಂದುಳಿದಿರಲಿಲ್ಲ. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ರಾಜನ ಅಭ್ಯಂಜನ, ಸ್ನಾನ, ವಿಲೇಪನಗಳಿಗೆ ಪ್ರತ್ಯೇಕ ಪ್ರಕರಣಗಳೇ ಇವೆ. ಅದಕ್ಕೂ ನೂರು ವರ್ಷ ಮೊದಲು, ಸುಮಾರು 1025ರಲ್ಲಿ, ಇಮ್ಮಡಿ ಚಾವುಂಡರಾಯನು ಕನ್ನಡದಲ್ಲಿಯೇ ‘ಲೋಕೋಪಕಾರ’ ಎಂಬ ಗ್ರಂಥವನ್ನು ಬರೆದನು. ಬಾವಿಗೆ ನೀರು ಹುಡುಕುವುದರಿಂದ ಹಿಡಿದು ಅಡುಗೆ, ಸುಗಂಧದ್ರವ್ಯ, ಮನುಷ್ಯರ ವೈದ್ಯ, ದನಗಳ ವೈದ್ಯದವರೆಗೆ ಸಂಸಾರಕ್ಕೆ ಬೇಕಾದದ್ದೆಲ್ಲ ಅದರಲ್ಲಿದೆ. ಈ ಲೋಕೋಪಕಾರವು ಅಚ್ಚಾಗಿ ಹೊರಬಂದದ್ದು ಬೆಂಗಳೂರಿನಲ್ಲೂ ಅಲ್ಲ, ಮೈಸೂರಿನಲ್ಲೂ ಅಲ್ಲ. 1950ರಲ್ಲಿ ಇದೇ ಮದರಾಸಿನಲ್ಲಿ, ಎಚ್. ಶೇಷಯ್ಯಂಗಾರ್ಯರ ಸಂಪಾದಕತ್ವದಲ್ಲಿ. ಮಂಗರಾಜನ ವಿಷವೈದ್ಯ ಗ್ರಂಥವಾದ ‘ಖಗೇಂದ್ರಮಣಿದರ್ಪಣ’ವನ್ನೂ ಮದರಾಸು ವಿಶ್ವವಿದ್ಯಾನಿಲಯವು 1942ರಲ್ಲಿ ಪ್ರಕಟಿಸಿತು. ನಾವು ಇಲ್ಲಿಗೆ ಹೊಟ್ಟೆಪಾಡಿಗೆ ಬರುವುದಕ್ಕೆ ಎಷ್ಟೋ ಮೊದಲು ನಮ್ಮ ಓಲೆಗರಿಗಳು ಬಂದಿದ್ದವು.

ಇನ್ನು ಎಗ್ಮೋರಿಗೆ ಬರೋಣ. ಒಂಗೋಲಿನ ಕಡೆಯ ಬಡ ಮನೆತನದಲ್ಲಿ 1875ರಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಮದರಾಸಿಗೆ ಬಂದ ಕೆ. ಎನ್. ಕೇಸರಿ ಎಂಬ ತೆಲುಗು ವೈದ್ಯರು 1900ರಲ್ಲಿ ‘ಕೇಸರಿ ಕುಟೀರಂ’ ಎಂಬ ಆಯುರ್ವೇದ ಔಷಧಶಾಲೆಯನ್ನು ಸ್ಥಾಪಿಸಿದರು. ಹಳೆಯ ಪತ್ರಿಕೆಗಳ ಜಾಹೀರಾತುಗಳಲ್ಲಿ ‘ಕೇಸರಿ ಕುಟೀರಂ, ಎಗ್ಮೋರ್, ಮದರಾಸು’ ಎಂದು ಕಾಣುವುದು ಇದೇ. ಅವರ ಔಷಧಗಳಲ್ಲಿ ಹೆಸರಾದದ್ದು ಯಾವುದು ಗೊತ್ತೆ? ‘ಲೋಧ್ರ’! ಸ್ತ್ರೀಯರ ಗರ್ಭಾಶಯದ ತೊಂದರೆಗಳಿಗೆಂದು ಮಾಡಿದ ಸೀಸೆ ಮದ್ದು ಅದು. ಮೊಡವೆಗೆ ಹೇಳಿದ ಅದೇ ತೊಗಟೆಯ ಹೆಸರು, ಬೇರೆ ರೋಗಕ್ಕೆ, ಬೇರೆ ರೂಪದಲ್ಲಿ. ಅದರ ಖ್ಯಾತಿ ಎಷ್ಟಾಯಿತೆಂದರೆ, ಮರವನ್ನು ಕಾಣದ ಪಟ್ಟಣದ ಹೆಂಗಸರಿಗೆ ಲೋಧ್ರ ಎಂದರೆ ಸೀಸೆಯೇ ಎಂಬಂತಾಯಿತು.

ಕೇಸರಿಯವರು ಬರಿಯ ಔಷಧ ವ್ಯಾಪಾರಿಯಾಗಿ ಉಳಿಯಲಿಲ್ಲ. 1928ರಲ್ಲಿ ‘ಗೃಹಲಕ್ಷ್ಮಿ’ ಎಂಬ ತೆಲುಗು ಮಹಿಳಾ ಮಾಸಪತ್ರಿಕೆಯನ್ನು ಹೊರಡಿಸಿದರು. 1930ರ ದಶಕದಲ್ಲಿ ಲೇಖಕಿಯರಿಗೆ ಸ್ವರ್ಣಕಂಕಣ, ಅಂದರೆ ಚಿನ್ನದ ಬಳೆಯನ್ನು ತೊಡಿಸಿ ಗೌರವಿಸುವ ಪದ್ಧತಿಯನ್ನು ಆರಂಭಿಸಿದರು. ತಮ್ಮ ಬಾಲ್ಯವನ್ನು ‘ಚಿನ್ನನಾಟಿ ಮುಚ್ಚಟ್ಲು’ ಎಂಬ ಪುಸ್ತಕದಲ್ಲಿ ಬರೆದಿದ್ದಾರೆ. 1953ರಲ್ಲಿ ತೀರಿಕೊಂಡರು. ಅಮೃತಾಂಜನದ ಕಾಶೀನಾಥುನಿ ನಾಗೇಶ್ವರರಾಯರದ್ದೂ ಇದೇ ಬಗೆಯ ಜೀವನ. 1893ರಲ್ಲಿ ಬೊಂಬಾಯಿಯಲ್ಲಿ ನೋವಿನ ಮುಲಾಮು ಮಾಡಿ, ಆ ಹಣದಲ್ಲಿ ‘ಆಂಧ್ರಪತ್ರಿಕೆ’ ನಡೆಸಿದರು. ತೆಲುಗರು ಮುಲಾಮು ಮಾರಿ ಪತ್ರಿಕೆ ನಡೆಸಿದರೆ ನಮ್ಮ ಕನ್ನಡಿಗರು ಇಡ್ಲಿ ಮಾರಿ ಛತ್ರ ಕಟ್ಟಿಸಿದರು. ಎರಡೂ ಪುಣ್ಯದ ಕೆಲಸವೇ, ಆದರೆ ಸಂಘದ ಪತ್ರಿಕೆಗೆ ಜಾಹೀರಾತು ಕೇಳಿಕೊಂಡು ಅಲೆಯುವ ನಮ್ಮ ಸಂಪಾದಕರನ್ನು ಕಂಡಾಗ ಒಂದಿಷ್ಟು ಮುಲಾಮನ್ನೂ ಮಾರಬೇಕಿತ್ತೆಂದು ಅನ್ನಿಸುತ್ತದೆ.

ಕೇಸರಿ ಕುಟೀರದಂಥ ಸಂಸ್ಥೆಗಳಿಂದ ಆದ ದೊಡ್ಡ ಬದಲಾವಣೆ ಒಂದಿದೆ. ಅಲ್ಲಿಯವರೆಗೆ ಲೇಪ ಎಂದರೆ ಆ ಹೊತ್ತಿಗೆ ಅರೆದು, ಆ ಹೊತ್ತಿಗೆ ಹಚ್ಚುವುದು. ರೈಲು, ಅಂಚೆಯ ವಿ.ಪಿ.ಪಿ., ಪತ್ರಿಕೆಯ ಜಾಹೀರಾತು ಈ ಮೂರೂ ಸೇರಿದಾಗ ಮದ್ದು ಸೀಸೆಗೆ ಇಳಿಯಿತು. ಊರು ಬಿಟ್ಟು ಬಂದವರಿಗೆ ಅದು ಅನುಕೂಲವೇ. ಅಜ್ಜಿಯೂ ಇಲ್ಲ, ಒರಳೂ ಇಲ್ಲ, ಹಿತ್ತಿಲೂ ಇಲ್ಲದ ಎರಡು ಕೋಣೆಯ ಬಾಡಿಗೆ ಮನೆಗೆ ಮದ್ದು ಸಿದ್ಧವಾಗಿ ಬಂದಿತು. ಆದರೆ ಸೀಸೆಯಲ್ಲಿ ಆರು ತಿಂಗಳು ಕೆಡದೆ ಇರಬೇಕಾದರೆ ಅರಿಷ್ಟವಾಗಬೇಕು, ಘೃತವಾಗಬೇಕು, ಇಲ್ಲವೆ ತೈಲವಾಗಬೇಕು. ನೀರಿನಲ್ಲಿ ಅರೆದ ಲೇಪ ಅಂಚೆಯಲ್ಲಿ ಹೋಗಲಾರದು. ಮೊಡವೆಯ ಮಟ್ಟಿಗೆ ಇದು ತೊಡಕು. ಜಿಡ್ಡಿನ ರೋಗಕ್ಕೆ ಜಿಡ್ಡಿನ ಮದ್ದು ಬರುವ ಹಾದಿ ಇದರಿಂದಲೇ ತೆರೆಯಿತೆಂದು ನಮ್ಮ ಊಹೆ. ಇಂದು ಮುಖದ ಕಾಂತಿಗೆಂದು ಹನಿ ಹನಿಯಾಗಿ ಮಾರುವ ಕುಂಕುಮಾದಿ ತೈಲವನ್ನೇ ನೋಡಿ. ಅಷ್ಟಾಂಗಹೃದಯದಲ್ಲಿ ಕುಂಕುಮಕೇಸರಿ, ಲಾವಂಚ, ಅರಗು, ಆಡಿನ ಹಾಲು ಮುಂತಾದುವನ್ನು ಹಾಕಿ ಕಾಯಿಸಿದ ತೈಲವನ್ನು ಹೇಳಿರುವುದು ಮೂಗಿಗೆ ಬಿಡುವ ನಸ್ಯಕ್ಕೆ. ಒಣ ಚರ್ಮದವರು ಅದನ್ನು ಮುಖಕ್ಕೆ ಹಚ್ಚಿಕೊಂಡರೆ ಹಾನಿಯಿಲ್ಲದಿರಬಹುದು. ಮೊಡವೆ ತುಂಬಿದ ಎಣ್ಣೆ ಮುಖಕ್ಕೆ ಎಣ್ಣೆ ಹಚ್ಚುವುದು ಶಾಸ್ತ್ರಕ್ಕೂ ದೂರ, ವಿಜ್ಞಾನಕ್ಕೂ ದೂರ. ತಲೆಗೆ ಹಚ್ಚುವ ಎಣ್ಣೆ, ಪೊಮೇಡುಗಳಿಂದ ಹಣೆಯ ಮೇಲೆ ಮೊಡವೆ ಏಳುವುದನ್ನು ಕ್ಲಿಗ್‌ಮನ್ ಮತ್ತು ಅವರ ಸಂಗಡಿಗರು 1970ರಲ್ಲಿಯೇ ಬರೆದಿಟ್ಟಿದ್ದಾರೆ. ಶನಿವಾರದ ಎಣ್ಣೆಸ್ನಾನವನ್ನು ಬಿಡಬೇಕಾಗಿಲ್ಲ. ಸೀಗೆಕಾಯಿ ಹಾಕಿ ಜಿಡ್ಡು ಹೋಗುವಂತೆ ತೊಳೆದರೆ ಸರಿ. ರಾತ್ರಿಯೆಲ್ಲ ತೆಂಗಿನೆಣ್ಣೆ ಸುರಿಯುವ ತಲೆಯನ್ನು ದಿಂಬಿಗಿಟ್ಟು ಮಲಗುವುದೇ ತಪ್ಪು.

ಎಗ್ಮೋರಿನಲ್ಲಿ ಔಷಧ ಮಾರಾಟವಾಗುತ್ತಿದ್ದ ಕಾಲದಲ್ಲಿಯೇ ಸರ್ಕಾರದಲ್ಲಿ ಬೇರೊಂದು ವ್ಯಾಜ್ಯ ನಡೆದಿತ್ತು. ದೇಶೀಯ ಮದ್ದುಗಳಲ್ಲಿ ಹುರುಳಿದೆಯೇ ನೋಡಿ ಎಂದು 1918ರಲ್ಲಿ ಮದರಾಸು ಸರ್ಕಾರವು ಡಾಕ್ಟರ್ ಎಂ. ಸಿ. ಕೋಮನ್ ಎಂಬವರನ್ನು ನೇಮಿಸಿತು. ಅವರ ವರದಿ ವೈದ್ಯರಿಗೆ ಕಹಿಯಾಯಿತು, ಪಂಡಿತ ಡಿ. ಗೋಪಾಲಾಚಾರ್ಲು ಮೊದಲಾದವರ ಬಳಗದವರು ಉತ್ತರವನ್ನು ಅಚ್ಚು ಹಾಕಿಸಿದರು. ಗೋಪಾಲಾಚಾರ್ಲು ವೈದ್ಯವನ್ನು ಕಲಿತದ್ದು ನಮ್ಮ ಮೈಸೂರಿನಲ್ಲಿ ಎಂಬುದು ಹೆಮ್ಮೆಯ ವಿಷಯ. ಅನಂತರ ಮಹಮ್ಮದ್ ಉಸ್ಮಾನರ ಅಧ್ಯಕ್ಷತೆಯಲ್ಲಿ, ಕ್ಯಾಪ್ಟನ್ ಜಿ. ಶ್ರೀನಿವಾಸಮೂರ್ತಿಯವರ ಕಾರ್ಯದರ್ಶಿತ್ವದಲ್ಲಿ ಸಮಿತಿಯೊಂದು ಕುಳಿತು, ಹಲವು ಭಾಷೆಗಳ ವೈದ್ಯರಿಂದ ಸಾಕ್ಷ್ಯ ಪಡೆದು 1923ರಲ್ಲಿ ವರದಿ ಕೊಟ್ಟಿತು. ಆಗ ದಕ್ಷಿಣ ಕನ್ನಡ, ಬಳ್ಳಾರಿ ಜಿಲ್ಲೆಗಳೂ ಮದರಾಸು ಆಧಿಪತ್ಯದಲ್ಲೇ ಇದ್ದುದರಿಂದ ಇದು ನಮ್ಮವರ ಸಂಗತಿಯೂ ಹೌದು. ಆ ವರದಿಯ ಫಲವಾಗಿ ಸರ್ಕಾರಿ ಭಾರತೀಯ ವೈದ್ಯ ಶಾಲೆ ತೆರೆಯಿತು. 1944ರಲ್ಲಿ ವೈದ್ಯರೇ ಸೇರಿ ‘ಇಂಪ್‌ಕಾಪ್ಸ್’ ಎಂಬ ಸಹಕಾರಿ ಔಷಧಾಲಯವನ್ನು ಕಟ್ಟಿದರು; ಅದು ಇಂದಿಗೂ ಇದೆ. ಆದರೆ ಇಷ್ಟು ವಾದವಿವಾದದಲ್ಲಿ ಮಲೇರಿಯ, ಕ್ಷಯ, ಪ್ಲೇಗುಗಳ ಮಾತೇ ಹೆಚ್ಚು. ಕ್ಷುದ್ರರೋಗವಾದ ಮೊಡವೆಯ ಗೊಡವೆ ಯಾರಿಗೆ ಬೇಕಿತ್ತು!

ಯಾರಿಗೂ ಬೇಡದ ಮೊಡವೆ ಕೊನೆಗೆ ಬೇಕಾದದ್ದು ಸುಂಕದ ಇಲಾಖೆಗೆ. ಇದು ನಮ್ಮಂಥ ಗುಮಾಸ್ತರಿಗೆ ಇಷ್ಟವಾಗುವ ಅಧ್ಯಾಯ. ಔಷಧಿಗೆ ಒಂದು ಸುಂಕ, ಸೌಂದರ್ಯವರ್ಧಕಕ್ಕೆ ಅದಕ್ಕಿಂತ ಹೆಚ್ಚಿನ ಸುಂಕ. ಅರಿಸಿನದ ಕ್ರೀಮು ಔಷಧಿಯೋ ಸೌಂದರ್ಯವರ್ಧಕವೋ? ವಿಕೋ ಕಂಪನಿಯೂ ಕೇಂದ್ರ ಅಬಕಾರಿ ಇಲಾಖೆಯೂ ಇದಕ್ಕಾಗಿ ಎರಡು ದಶಕಗಳಿಗೂ ಮೀರಿ ಕೋರ್ಟುಗಳಲ್ಲಿ ಹೋರಾಡಿ, ಕೊನೆಗೆ ಸುಪ್ರೀಂ ಕೋರ್ಟಿನಲ್ಲಿ ಕಂಪನಿ ಗೆದ್ದಿತು. 1985ರ ಕೇಂದ್ರ ಅಬಕಾರಿ ಸುಂಕದ ಕಾಯಿದೆಯಲ್ಲಿ 30ನೆಯ ಅಧ್ಯಾಯ ಔಷಧಿಗಳದ್ದು, 33ನೆಯದು ಸೌಂದರ್ಯವರ್ಧಕಗಳದ್ದು. 2006ರಲ್ಲಿ ಪೂಮಾ ಆಯುರ್ವೇದಿಕ್ ಹರ್ಬಲ್ ಎಂಬ ಕಂಪನಿಯ ಮೊಕದ್ದಮೆ ತೀರ್ಮಾನವಾಯಿತು. ಅದರಲ್ಲಿ ಬೇವಿನ ಲೇಪದ ಜೊತೆಗೆ ಮೊಡವೆಯ ಪುಡಿಯೂ ಇತ್ತು. ಸುಪ್ರೀಂ ಕೋರ್ಟು ಕಂಪನಿಯ ಪರವಾಗಿ ತೀರ್ಪು ಕೊಟ್ಟಿತು. ಪರೀಕ್ಷೆ ಎರಡು: ಕೊಳ್ಳುವ ಜನ ಅದನ್ನು ಏನೆಂದು ತಿಳಿದು ಕೊಳ್ಳುತ್ತಾರೆ ಎಂಬುದು ಒಂದು, ಅದರಲ್ಲಿರುವ ದ್ರವ್ಯಗಳನ್ನು ಆಯುರ್ವೇದ ಗ್ರಂಥಗಳು ಹೇಳಿವೆಯೇ ಎಂಬುದು ಇನ್ನೊಂದು. ಸುಶ್ರುತ, ವಾಗ್ಭಟ, ಶಾರ್ಙ್ಗಧರರ ಗ್ರಂಥಗಳು 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯಿದೆಯ ಅನುಸೂಚಿಯಲ್ಲಿಯೇ ಸೇರಿವೆ. 2017ರಲ್ಲಿ ಜಿ.ಎಸ್.ಟಿ. ಬಂದ ಮೇಲೂ 30 ಮತ್ತು 33ರ ಗೆರೆ ಹಾಗೆಯೇ ಉಳಿದಿದೆ.

ಆದರೆ ಔಷಧಿ ಎಂದು ಸುಂಕದ ಪುಸ್ತಕದಲ್ಲಿ ಬರೆದರೆ ರೋಗ ಗುಣವಾಯಿತೆಂದಲ್ಲ. ಅದಕ್ಕೆ ಪ್ರಯೋಗ ಬೇಕು. ಅಂಥ ಪ್ರಯೋಗಗಳು ಕಡಿಮೆ. ನಮಗೆ ಕಂಡುಬಂದವುಗಳಲ್ಲಿ ಒಳ್ಳೆಯದು 1995ರಲ್ಲಿ ಪ್ರಕಟವಾದದ್ದು. ಪರಾಂಜಪೆ ಮತ್ತು ಕುಲಕರ್ಣಿ ಎಂಬ ಸಂಶೋಧಕರು ಮೊಡವೆಯುಳ್ಳ 82 ಮಂದಿಯನ್ನು ಗುಂಪು ಮಾಡಿ, ನಾಲ್ಕು ಆಯುರ್ವೇದ ಗುಳಿಗೆಗಳನ್ನೂ ಬರಿಯ ಹುಸಿ ಗುಳಿಗೆಯನ್ನೂ, ಕೊಡುವವರಿಗೂ ತೆಗೆದುಕೊಳ್ಳುವವರಿಗೂ ಯಾವುದೆಂದು ಗೊತ್ತಾಗದಂತೆ ಕೊಟ್ಟು ನೋಡಿದರು. ಆರು ವಾರಗಳಲ್ಲಿ ಚೆನ್ನಾಗಿ ಗುಣ ಕಂಡದ್ದು ಕೊಡಸಿಗೆ, ವಾಯುವಿಳಂಗ, ನೆಲ್ಲಿ, ಶುಂಠಿಗಳಿಂದಾದ ‘ಸುಂದರ ವಟಿ’ ಎಂಬ ಗುಳಿಗೆಯಲ್ಲಿ. ನಾಲ್ಕರಲ್ಲಿ ಒಂದು ಎದ್ದು ನಿಂತಿತು ಎಂದು ಆಯುರ್ವೇದದ ಅಭಿಮಾನಿಗಳು ಸಂತೋಷಪಡಬಹುದು. ಉಳಿದ ಮೂರರ ಮಾತನ್ನೂ ಅದೇ ಉಸಿರಿನಲ್ಲಿ ಆಡುವುದು ನ್ಯಾಯ. 82 ಮಂದಿಯ ಒಂದೇ ಪ್ರಯೋಗದ ಮೇಲೆ ಕೋಟೆ ಕಟ್ಟಲಾಗದೆಂದೂ ಹೇಳಬೇಕು.

ಈ ಚರಿತ್ರೆಯನ್ನು ಕೆದಕಲು ನಮ್ಮನ್ನು ಹಚ್ಚಿದ್ದು ನಮ್ಮ ಬಳಗದ ಒಂದು ಮನೆಯ ಸಂಗತಿ. ದಾವಣಗೆರೆಯ ಕಡೆಯವರು, ಮಗಳು ಹನ್ನೆರಡನೆಯ ತರಗತಿ. ಮೊಡವೆಗೆಂದು ಅಂಗಡಿಯವನೊಬ್ಬ ಲೇಪದ ಪುಡಿಯ ಜೊತೆಗೆ ಒಂದು ಟ್ಯೂಬನ್ನೂ ಕೊಟ್ಟ. ‘ನೋಡಿ ಅಣ್ಣ, ಹದಿನೈದು ದಿನಕ್ಕೆ ಮುಖ ಹಾಲಿನ ಹಾಗಾಯ್ತು. ಪುಡಿಯ ಗುಣ ಅಂದ್ಕೊಂಡ್ವಿ. ಟ್ಯೂಬ್ ಮುಗಿದ ಮೇಲೆ ಬೆಂಕಿ ಬಿದ್ದ ಹಾಗೆ ಕೆಂಪಾಗಿ, ಮೊದಲಿಗಿಂತ ಎರಡರಷ್ಟು ಎದ್ದವು. ಈಗ ಕಾಲೇಜಿಗೂ ಹೋಗಲ್ಲ, ಸಂಘಕ್ಕೂ ಬರಲ್ಲ ಅಂತಾಳೆ’ ಎಂದು ಆ ತಾಯಿ ಕಣ್ಣೀರಿಟ್ಟರು. ಟ್ಯೂಬನ್ನು ತಿರುಗಿಸಿ ಓದಿದೆವು. ಬೀಟಾಮೆಥಸೋನ್ ಎಂದಿತ್ತು. ಅದು ಸ್ಟೀರಾಯ್ಡ್. ವಾರಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ರಕ್ತನಾಳಗಳು ಎದ್ದು ಕಾಣುತ್ತವೆ, ಬೇಡದ ಕಡೆ ರೋಮ ಬೆಳೆಯುತ್ತದೆ, ಬಿಟ್ಟ ಕೂಡಲೆ ಕೆರಳುತ್ತದೆ. ಇಂಥ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮವನ್ನು ಬಿಗಿ ಮಾಡಿತು, ಆದರೂ ಮಾರುತ್ತಾರೆ. ಗಿಡಮೂಲಿಕೆಯದೆಂದು ಹೇಳಿಕೊಳ್ಳುವ ಕ್ರೀಮುಗಳಲ್ಲಿ ಹೇಳದೆ ಸ್ಟೀರಾಯ್ಡ್ ಬೆರೆಸಿದ್ದು ಹೊರದೇಶಗಳ ತಪಾಸಣೆಗಳಲ್ಲಿಯೂ ಸಿಕ್ಕಿಬಿದ್ದಿದೆ. ಆ ಹುಡುಗಿಯನ್ನು ಚರ್ಮವೈದ್ಯರಿಗೆ ತೋರಿಸಿ, ಮುಖ ಹದಕ್ಕೆ ಬರಲು ಏಳೆಂಟು ತಿಂಗಳು ಹಿಡಿಯಿತು. ಪರೀಕ್ಷೆ ಬರೆದಳು, ಪಾಸಾದಳು. ಎಡಗೆನ್ನೆಯಲ್ಲಿ ನಾಲ್ಕು ಕುಳಿಗಳು ಉಳಿದವು. ಶಾಸ್ತ್ರಕಾರರು ಇದನ್ನು ‘ಕ್ಷುದ್ರ’ ಎಂದು ಕರೆದದ್ದು ನಮಗೆ ಆಮೇಲೆ ಅಷ್ಟಾಗಿ ಒಪ್ಪಿಗೆಯಾಗಲಿಲ್ಲ.

ಗಂಟು ಗಂಟಾಗಿ ನೋಯುವ, ಕಲೆ ಬಿಡುವ ಮೊಡವೆಗೆ ಮನೆಯ ಲೇಪವನ್ನು ನೆಚ್ಚಿ ದಿನ ತಳ್ಳಬಾರದು. ಬೆಂಜಾಯಿಲ್ ಪೆರಾಕ್ಸೈಡ್, ರೆಟಿನಾಯ್ಡ್‌ಗಳಂಥ ಪರೀಕ್ಷಿತ ಔಷಧಗಳು ಇವೆ. 1982ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಐಸೊಟ್ರೆಟಿನಾಯಿನ್ ಎಂಬ ಮಾತ್ರೆ ಬಹಳ ಪ್ರಬಲವಾದದ್ದು. ಗರ್ಭಿಣಿಯರು ನುಂಗಿದರೆ ಮಗುವಿಗೆ ಅಂಗವೈಕಲ್ಯ ಬರುವುದರಿಂದ ವೈದ್ಯರು ಅದನ್ನು ಎಚ್ಚರದಿಂದ ಕೊಡುತ್ತಾರೆ. ಹೆಣ್ಣುಮಕ್ಕಳಿಗೆ ತಿಂಗಳ ಮುಟ್ಟು ಏರುಪೇರಾಗಿ ಮೊಡವೆಯೂ ಹೆಚ್ಚಿದರೆ ಹಾರ್ಮೋನಿನ ಪರೀಕ್ಷೆ ಮಾಡಿಸಬೇಕು. ಇದರಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ.

ನಮ್ಮವರ ಮೈಸೂರು ಸ್ಯಾಂಡಲ್ ಸಾಬೂನಿನ ಮೇಲಿನ ಭಕ್ತಿಯ ಬಗ್ಗೆ ಒಂದು ಮಾತು. ಮೊದಲ ಮಹಾಯುದ್ಧದಲ್ಲಿ ಯೂರೋಪಿಗೆ ಗಂಧದ ಮರದ ಸಾಗಣೆ ನಿಂತಾಗ ನಾಲ್ವಡಿಯವರ ಆಳ್ವಿಕೆಯಲ್ಲಿ ಗಂಧದೆಣ್ಣೆಯ ಕಾರ್ಖಾನೆಯೂ, 1918ರ ಹೊತ್ತಿಗೆ ಆ ಸಾಬೂನೂ ಹುಟ್ಟಿದ ಕಥೆಯನ್ನು ಎಲ್ಲರೂ ಬಲ್ಲರು. ಊರಿಂದ ಬರುವವರು ಡಜನ್‌ಗಟ್ಟಲೆ ತರಲಿ, ನಮಗೂ ಎರಡು ಕೊಡಲಿ. ಮೊಡವೆಗೆ ಅದು ಮದ್ದಲ್ಲ, ಸಾಬೂನು.

ಲೇಪವನ್ನೇ ಮಾಡಿ ನೋಡುತ್ತೇವೆ ಎನ್ನುವವರು, ಮೊಡವೆ ಸಣ್ಣದಾಗಿದ್ದರೆ, ಧಾರಾಳವಾಗಿ ನೋಡಲಿ. ಪಾರ್ಕ್‌ಟೌನಿನ ರಾಸಪ್ಪ ಚೆಟ್ಟಿ ಬೀದಿಯಲ್ಲಿ ನಾಟುಮದ್ದಿನ ಅಂಗಡಿಗಳು ಸಾಲಾಗಿವೆ. ಮೈಲಾಪುರದವರಿಗೆ ಕಚೇರಿ ರಸ್ತೆಯ ಡಬ್ಬಾ ಚೆಟ್ಟಿ ಅಂಗಡಿ ಹತ್ತಿರ. ಪುಡಿ ಕೇಳಬೇಡಿ, ತೊಗಟೆಯ ಚಕ್ಕೆಯನ್ನೇ ಕೇಳಿ. ಪುಡಿಯಲ್ಲಿ ಏನು ಬೆರೆತಿದೆಯೆಂದು ಹೇಳಲಾಗದು. ಸಿಂಧೂರ ಸೇರಿದ ಯಾವ ಲೇಪವನ್ನೂ ಮುಟ್ಟಬೇಡಿ, ಅದು ಸೀಸ. ಲೋಧ್ರ, ಕೊತ್ತಂಬರಿ ಬೀಜ, ಬಜೆಗಳನ್ನು ಬೇರೆ ಬೇರೆಯಾಗಿ ಕುಟ್ಟಿ ಬಟ್ಟೆಯಲ್ಲಿ ಜರಡಿ ಹಿಡಿದು ಇಟ್ಟುಕೊಂಡು, ಬೇಕಾದಾಗ ಬೇಕಾದಷ್ಟನ್ನೇ ನೀರಿನಲ್ಲಿ ಕಲಸಬೇಕು. ಮೊದಲ ದಿನ ಮೊಣಕೈಯ ಒಳಬದಿಗೆ ಒಂದಿಷ್ಟು ಹಚ್ಚಿ, ಮರುದಿನದವರೆಗೆ ತುರಿಕೆ, ಕೆಂಪು ಏಳದಿದ್ದರೆ ಮಾತ್ರ ಮುಖಕ್ಕೆ. ಹಗಲು ಹೊತ್ತು ಹಚ್ಚಿ, ಒಣಗುವ ಮುಂಚೆ ನೆನೆಸಿ ತೊಳೆದುಬಿಡಬೇಕು. ಎಗ್ಮೋರಿನ ಕಡೆಯವರಿಗೆ ರಾಸಪ್ಪ ಚೆಟ್ಟಿ ಬೀದಿ ದೂರವೇನಲ್ಲ. ಭಾನುವಾರ ಬಹುಪಾಲು ಅಂಗಡಿಗಳಿಗೆ ಬಾಗಿಲು. ಶನಿವಾರ ಮಧ್ಯಾಹ್ನ ಹೋಗುವುದು ಒಳ್ಳೆಯದು.